ಪ್ರಭುಗಳ ಮೇಲಣ ಭರವಸ

ಚುನಾವಣೆಯು ಬಂದುಹೋದ ಮೇಲೆ ನಮ್ಮ ಹಳ್ಳಿಯ ಸಭೆಗಳವರ ಬಾಯಲ್ಲಿ ಎರಡು ಬಗೆಯ ಮಾತುಗಳು ಕೇಳಬರುತ್ತವೆ. ಕೆಲವರು, ರಾಜಕಾರಣಿಗಳೆಲ್ಲರೂ ಒಂದೇ, ಗೆದ್ದ ಮೇಲೆ ತಮ್ಮ ಮನೆಯನ್ನು ತುಂಬಿಸಿಕೊಳ್ಳುವರೇ ಹೊರತು ಪ್ರಜೆಗಳ ಹಿತವನ್ನು ನೋಡುವವನು ಒಬ್ಬನೂ ಇಲ್ಲವೆನ್ನುತ್ತಾರೆ. ರಾಮರಾಜ್ಯ ಬಂದರೂ ರಾಗಿ ಬೀಸುವದು ತಪ್ಪಲಿಲ್ಲವೆಂಬ ಗಾದೆಯನ್ನೂ ಕೂಡಿಸುತ್ತಾರೆ. ಬೇರೆ ಕೆಲವರು ತಮಗೆ ಬೇಕಾದ ಒಬ್ಬ ಮುಖಂಡನ ಹೆಸರನ್ನೆತ್ತಿ, ಉಳಿದವರು ಹೇಗಾದರೂ ಇರಲಿ, ನಮ್ಮ ಸಾಹೇಬರು ಮಾತ್ರ ದೇವರಂಥವರು, ಅವರನ್ನು ನಂಬಿದವರು ಕೆಡುವದಿಲ್ಲವೆನ್ನುತ್ತಾರೆ. ವಿಚಿತ್ರವೇನಂದರೆ ಈ ಎರಡು ಪಂಗಡದವರೂ ಸತ್ಯವೇದವನ್ನೇ ಸಾಕ್ಷಿಗೆ ಕರೆಯುತ್ತಾರೆ. ಮೊದಲನೆಯವರು, ಪ್ರಭುಗಳನ್ನು ನಂಬಿ ಕೂರಬಾರದೆಂದು ಎಚ್ಚರಿಸುವ ಕೀರ್ತನೆಯನ್ನು ತೋರಿಸಿ, ಮತದಾನದ ದಿವಸ ಹೊಲಕ್ಕೆ ಹೋಗುತ್ತಾರೆ. ಎರಡನೆಯವರು, ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿಮೂರನೆಯ ಅಧ್ಯಾಯವನ್ನು ತೋರಿಸಿ, ಅಧಿಕಾರವು ದೇವರಿಂದ ಬಂದದ್ದಾದಕಾರಣ ಅಧಿಕಾರಿಯನ್ನು ಪ್ರಶ್ನಿಸುವದು ಕ್ರೈಸ್ತನಿಗೆ ಸಲ್ಲದೆನ್ನುತ್ತಾರೆ. ಒಬ್ಬನು ನಂಬದೆ ಸುಮ್ಮನಿರುತ್ತಾನೆ. ಮತ್ತೊಬ್ಬನು ನಂಬಿ ಸುಮ್ಮನಿರುತ್ತಾನೆ. ಸುಮ್ಮನಿರುವದರಲ್ಲಿ ಇಬ್ಬರೂ ಒಂದೇ.

ಹಾಗಾದರೆ ಪ್ರಜೆಗಳು ತಮ್ಮನ್ನು ಆಳುವವರನ್ನು ನಂಬಬಹುದೋ, ನಂಬಬಾರದೋ? ಈ ಪ್ರಶ್ನೆಗೆ ಉತ್ತರ ಕೊಡುವದಕ್ಕಿಂತ ಮುಂಚೆ, ನಂಬುವದೆಂದರೆ ಏನೆಂದು ವಿಚಾರಿಸುವದು ಯುಕ್ತವಾಗಿದೆ. ನಾವು ದೇವರನ್ನು ನಂಬುವ ರೀತಿ ಒಂದು. ಆತನಿಂದ ನಾವು ಲೆಕ್ಕ ಕೇಳುವದಿಲ್ಲ. ನಾವೇ ಆತನಿಗೆ ಲೆಕ್ಕ ಕೊಡತಕ್ಕವರು. ಮನುಷ್ಯರನ್ನು, ಅದರಲ್ಲಿಯೂ ಹತ್ತು ಮಂದಿಯ ಸೊತ್ತನ್ನು ಕೈಯಲ್ಲಿ ಹಿಡಿದಿರುವ ಮನುಷ್ಯರನ್ನು, ನಂಬುವ ರೀತಿ ಇನ್ನೊಂದು. ಕೀರ್ತನೆಗಾರನು ಬೇಡವೆಂದದ್ದು ದೇವರಿಗೆ ಸಲ್ಲತಕ್ಕ ಭರವಸವನ್ನು ಮನುಷ್ಯನಿಗೆ ಸಲ್ಲಿಸುವದನ್ನೇ. ಮನೆವಾರ್ತೆಯವನಿಗೆ ಸಲ್ಲತಕ್ಕ ನಂಬಿಕೆಯನ್ನು ಅವನು ಬೇಡವೆಂದಿಲ್ಲ. ಅದಿಲ್ಲದೆ ಒಂದು ದಿನದ ಸಂಸಾರವೂ ಸಾಗುವದಿಲ್ಲ.

ಈ ಎರಡನೆಯ ನಂಬಿಕೆಗೆ ಪೌಲನ ನಡತೆಯಲ್ಲಿಯೇ ಒಳ್ಳೇ ದೃಷ್ಟಾಂತವಿದೆ. ಯೆರೂಸಲೇಮಿನ ಬಡವರಿಗೋಸ್ಕರ ಮಕೆದೋನ್ಯದವರೂ ಕೊರಿಂಥದವರೂ ಕೂಡಿಸಿದ ಹಣವನ್ನು ಒಯ್ಯಬೇಕಾಗಿ ಬಂದಾಗ ಅವನು ತಾನೊಬ್ಬನೇ ಅದನ್ನು ಹೊತ್ತುಕೊಂಡು ಹೋಗಲಿಲ್ಲ. ತೀತನ ಜೊತೆಗೆ, ಸಭೆಗಳವರೇ ಆರಿಸಿದ ಸಹೋದರರನ್ನು ಸಂಗಡ ಕರಕೊಂಡನು. ಅಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ತಪ್ಪು ಹೊರಿಸುವದಕ್ಕೆ ಆಸ್ಪದವಿರಬಾರದೆಂದೂ, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಕಣ್ಣಿನ ಮುಂದೆಯೂ ಕೆಲಸವು ನೆಟ್ಟಗೆ ಕಾಣಬೇಕೆಂದೂ ಅವನು ಅದಕ್ಕೆ ಕಾರಣ ಕೊಟ್ಟಿದ್ದಾನೆ. ಕ್ರಿಸ್ತನ ನಿಮಿತ್ತ ಸೆರೆಮನೆಯನ್ನೂ ಕಲ್ಲೇಟನ್ನೂ ಸಹಿಸಿದವನಿಗೆ ಸಾಕ್ಷಿಗಳು ಬೇಕಾದವು! ನಮ್ಮ ಸಭೆಗಳಲ್ಲಿ ಕಾಣಿಕೆಯ ಚೀಲವನ್ನು ಇಬ್ಬರು ಕೂತು ಎಣಿಸಿ ಪುಸ್ತಕದಲ್ಲಿ ರುಜು ಹಾಕುವ ಪದ್ಧತಿಯೂ ಇದೇ ಮೂಲದ್ದು. ಹಾಗೆ ಎಣಿಸುವದರಿಂದ ನಮ್ಮ ಖಜಾಂಚಿಯನ್ನು ಕಳ್ಳನೆಂದು ಹೇಳಿದಂತಾಯಿತೋ? ಇಲ್ಲ. ಎಣಿಸಿದ್ದರಿಂದಲೇ ಅವನು ಸಂತೆಯಲ್ಲಿ ತಲೆಯೆತ್ತಿಕೊಂಡು ನಡೆಯುತ್ತಾನೆ.

ಈ ಮಾತನ್ನು ನಮ್ಮ ಸೀಮೆಯ ಹೊಳೆದಂಡೆಯಲ್ಲಿಯೇ ಹುಟ್ಟಿದ ಒಂದು ಸಂಗತಿಯಿಂದ ಪರೀಕ್ಷಿಸೋಣ. ಹರಿಹರದ ಸೇತುವೆಯ ಮೇಲೆ ನಿಂತವನಿಗೆ ತುಂಗಭದ್ರೆಯ ಈಚೆ ದಂಡೆಯೂ ಆಚೆ ದಂಡೆಯೂ ಒಂದೇ ಸೀಮೆಯಾಗಿ ಕಾಣುತ್ತವೆ. ಆದರೆ 1956ಕ್ಕೆ ಮುಂಚೆ ಈಚೆಯದು ಮೈಸೂರು ಸಂಸ್ಥಾನ, ಆಚೆಯದು ಮುಂಬಯಿ ಪ್ರಾಂತ. ಆ ಆಚೆಯ ದಂಡೆಯಲ್ಲಿ, ರಾಣೇಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ, 1972ರಲ್ಲಿ ಹರಿಹರ ಪಾಲಿಫೈಬರ್ಸ್ ಎಂಬ ಕಾರ್ಖಾನೆಯು ಕೆಲಸಕ್ಕೆ ತೊಡಗಿತು. ನೀಲಗಿರಿ ಮರವನ್ನು ಅರೆದು, ರೇಯಾನ್ ನೂಲಿಗೆ ಬೇಕಾದ ತಿರುಳನ್ನು ಮಾಡುವದು ಅದರ ಉದ್ಯೋಗ. ಎರಡು ದಂಡೆಗಳ ಎಷ್ಟೋ ಮನೆಗಳಿಗೆ ಅದರಿಂದ ಅನ್ನ ದೊರಕಿತೆಂಬದನ್ನು ಮರೆಯಬಾರದು. ಆದರೆ ಕಾರ್ಖಾನೆಯಿಂದ ಹೊಳೆಗೆ ಬಿಡುವ ನೀರಿನಿಂದ ಮೀನು ಸಾಯುತ್ತವೆ, ದನಕರುಗಳಿಗೆ ಕುಡಿಯುವ ನೀರು ಕೆಡುತ್ತದೆ ಎಂದು ಕೆಳಗಣ ಊರುಗಳವರು 1980ರ ದಶಕದಲ್ಲಿ ಗಟ್ಟಿಯಾಗಿ ಮೊರೆಯಿಡಲಾರಂಭಿಸಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯವೆಂಬ ಸಂಸ್ಥೆಯೂ ಅದರ ಮುಖಂಡರಾದ ಎಸ್. ಆರ್. ಹಿರೇಮಠರೂ ಈ ಮೊರೆಯನ್ನು ಸರಕಾರದ ಮತ್ತು ನ್ಯಾಯಾಲಯದ ಬಾಗಿಲಿಗೆ ಒಯ್ದರು.

ಇದಿನ್ನೂ ನಡೆಯುತ್ತಿರುವಾಗಲೇ, 1984ರ ನವೆಂಬರದಲ್ಲಿ, ರಾಜ್ಯ ಸರಕಾರವು ಆ ಕಾರ್ಖಾನೆಯವರ ಸಂಗಡ ಪಾಲುಗಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಒಂದು ಕಂಪನಿಯನ್ನು ಸ್ಥಾಪಿಸಿತು. ನೂರಕ್ಕೆ 51 ಪಾಲು ಸರಕಾರದ್ದು, 49 ಪಾಲು ಕಾರ್ಖಾನೆಯವರದು. ಧಾರವಾಡ ಮೊದಲಾದ ಕೆಲವು ಜಿಲ್ಲೆಗಳಲ್ಲಿ 30,000 ಹೆಕ್ಟೇರು, ಅಂದರೆ ಸುಮಾರು 75,000 ಎಕರೆ, ಸರಕಾರಿ ಭೂಮಿಯನ್ನು ಈ ಕಂಪನಿಗೆ ಒಪ್ಪಿಸಿ ಅಲ್ಲಿ ಕಾರ್ಖಾನೆಗೆ ಬೇಕಾದ ನೀಲಗಿರಿಯನ್ನು ಬೆಳಿಸಬೇಕೆಂಬದೇ ಉದ್ದೇಶ. ಕಾಗದದ ಮೇಲೆ ಆ ಭೂಮಿಗೆ ಸಿ ಮತ್ತು ಡಿ ವರ್ಗದ ಪಾಳು ಜಮೀನೆಂದು ಹೆಸರು. ಹಳ್ಳಿಯವರಿಗೆ ಅದು ಪಾಳಾಗಿರಲಿಲ್ಲ. ದನ ಮೇಯಿಸುವವನಿಗೆ ಅದು ಹುಲ್ಲುಗಾವಲು, ಕುರುಬನಿಗೆ ಕುರಿಯ ದಾರಿ, ಹೊಲವಿಲ್ಲದ ಹೆಂಗಸಿಗೆ ಒಲೆಯ ಸೌದೆ, ಬರಗಾಲದಲ್ಲಿ ಎಲ್ಲರಿಗೂ ಸೊಪ್ಪು. ನೀಲಗಿರಿಯ ಎಲೆಯನ್ನು ದನವೂ ಮುಟ್ಟುವದಿಲ್ಲ, ಆಡೂ ಮುಟ್ಟುವದಿಲ್ಲವೆಂಬದನ್ನು ಹಳ್ಳಿಯ ವಾಚಕರಿಗೆ ನಾವು ಹೇಳಬೇಕಾದದ್ದಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇದನ್ನು ಮಾಡಿದ ಸರಕಾರವು ಯಾವದು? ರಾಮಕೃಷ್ಣ ಹೆಗಡೆಯವರದು. ಮೌಲ್ಯಾಧಾರಿತ ರಾಜಕಾರಣವೆಂಬ ಮಾತನ್ನು ನಮ್ಮ ರಾಜ್ಯದವರ ಬಾಯಿಗೆ ತಂದವರೇ ಅವರು. ಅಧಿಕಾರಿಗಳೂ ಮಂತ್ರಿಗಳೂ ಮಾಡುವ ಅನ್ಯಾಯವನ್ನು ವಿಚಾರಿಸುವದಕ್ಕೆ ಲೋಕಾಯುಕ್ತವನ್ನು ನೇಮಿಸುವ ಕಾಯಿದೆಯು ಅದೇ 1984ರಲ್ಲಿ ಅದೇ ಸರಕಾರದಿಂದ ಆಯಿತು. ಅದೇ ಸರಕಾರದಲ್ಲಿ ಅಬ್ದುಲ್ ನಜೀರ್ ಸಾಬರು ಗ್ರಾಮಾಭಿವೃದ್ಧಿ ಮಂತ್ರಿಗಳಾಗಿ ಊರೂರಿಗೆ ಕೊಳವೆಬಾವಿಗಳನ್ನು ತೋಡಿಸಿ ನೀರ್ ಸಾಬರೆಂದು ಹೆಸರಾದರು. ಅವರ ದುಡಿಮೆಯಿಂದ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೂ ಮಂಡಲ ಪಂಚಾಯಿತಿಗಳಿಗೂ ಚುನಾವಣೆ ನಡೆದು ಹಳ್ಳಿಯವರ ಕೈಗೆ ಅಧಿಕಾರ ಬಂತು. 1988ರಲ್ಲಿ ಅವರು ತೀರಿಕೊಂಡಾಗ ಪಕ್ಷಭೇದವಿಲ್ಲದೆ ಜನರು ಮರುಗಿದರು. ಒಂದೇ ಮಂತ್ರಿಮಂಡಲವು ಒಂದು ಕೈಯಿಂದ ಹಳ್ಳಿಗೆ ನೀರನ್ನೂ ಅಧಿಕಾರವನ್ನೂ ಕೊಟ್ಟಿತು. ಮತ್ತೊಂದು ಕೈಯಿಂದ ಹಳ್ಳಿಯ ಗೋಮಾಳವನ್ನು ಎತ್ತಿ ಕಂಪನಿಗೆ ಕೊಡಲು ಹೊರಟಿತು. ಆ ಸರಕಾರವನ್ನು ನಂಬಬೇಕಾಗಿತ್ತೋ, ನಂಬಬಾರದಾಗಿತ್ತೋ? ಎಲ್ಲರೂ ಕಳ್ಳರೆನ್ನುವವನಿಗೆ ನಜೀರ್ ಸಾಬರ ಬಾವಿಗಳು ಉತ್ತರ ಕೊಡುತ್ತವೆ. ನಮ್ಮವರು ದೇವರಂಥವರೆನ್ನುವವನಿಗೆ ಆ 75,000 ಎಕರೆ ಉತ್ತರ ಕೊಡುತ್ತದೆ.

ಒಳ್ಳೆಯವರೆನಿಸಿಕೊಂಡವರು ಇಂಥಾ ಕೆಲಸಕ್ಕೆ ಕೈಹಾಕುವದು ಹೇಗೆ? ಲಂಚವೊಂದೇ ಇದಕ್ಕೆ ಕಾರಣವೆಂದು ತಿಳಿಯುವದು ಮಕ್ಕಳ ಬುದ್ಧಿ. ಮಂತ್ರಿಯ ಕೋಣೆಗೆ ಹೋಗತಕ್ಕವರು ಯಾರೆಂದು ಯೋಚಿಸಿರಿ. ಕಾರ್ಖಾನೆಯವನು ಲೆಕ್ಕಪತ್ರಗಳನ್ನು ಹಿಡಿದುಕೊಂಡು, ಮೋಟಾರಿನಲ್ಲಿ ಬಂದು, ಎದುರಿನ ಕುರ್ಚಿಯಲ್ಲಿ ಕೂತು, ಇಷ್ಟು ಮಂದಿಗೆ ಉದ್ಯೋಗ, ಇಷ್ಟು ಪಾಳುಭೂಮಿ ಹಸುರಾಗುವದು, ಸರಕಾರಕ್ಕೆ ಇಷ್ಟು ಲಾಭ ಎಂದು ವಿವರಿಸುತ್ತಾನೆ. ಅವನು ಹೇಳುವದರಲ್ಲಿ ಸುಳ್ಳೇ ಇರಬೇಕೆಂದಿಲ್ಲ. ಸೌದೆಯ ಹೊರೆ ಹೊತ್ತ ಹೆಂಗಸು ಆ ಕುರ್ಚಿಯಲ್ಲಿ ಕೂತಿಲ್ಲ. ಹೀಗಿರಲಾಗಿ ಮಂತ್ರಿಯು ದುಷ್ಟನಾಗದೆಯೂ, ತಾನು ಕೇಳಿದ ಮಾತೇ ಲೋಕದ ಮಾತೆಂದು ಎಣಿಸಿ, ಸಾರ್ವಜನಿಕ ಹಿತವೆಂಬ ಹೆಸರಿನಿಂದಲೇ ರುಜು ಹಾಕಿಬಿಡುತ್ತಾನೆ. ದುಷ್ಟನ ವಿಷಯದಲ್ಲಿ ಜನರು ಎಚ್ಚರವಾಗಿರುತ್ತಾರೆ; ಸಜ್ಜನನ ವಿಷಯದಲ್ಲಿ ನಿದ್ದೆಹೋಗುತ್ತಾರೆ. ಆದಕಾರಣ ಸಜ್ಜನನಿಗೆ ಲೆಕ್ಕ ಕೇಳುವವರ ಅಗತ್ಯವು ಕಡಿಮೆಯೆಂದು ತಿಳಿಯಬೇಡಿರಿ.

ನಾಬೋತನ ದ್ರಾಕ್ಷೇತೋಟದ ಕಥೆಯು ನಮಗೆಲ್ಲರಿಗೂ ಬಾಯಿಪಾಠವಾಗಿದೆ. ಅರಸನಾದ ಅಹಾಬನಿಗೆ ಅರಮನೆಯ ಮಗ್ಗುಲಲ್ಲಿದ್ದ ತೋಟ ಬೇಕಾಯಿತು; ಬೆಲೆ ಕೊಡುತ್ತೇನೆಂದನು; ನಾಬೋತನು ಪಿತೃಗಳ ಸ್ವಾಸ್ತ್ಯವನ್ನು ಕೊಡಲಾರೆನೆಂದನು; ಮುಂದೆ ನಡೆದದ್ದು ಗೊತ್ತೇ ಇದೆ. ಆದರೆ ನಾಬೋತನ ತೋಟಕ್ಕೂ ನಮ್ಮ ಗೋಮಾಳಕ್ಕೂ ಒಂದು ವ್ಯತ್ಯಾಸವುಂಟು. ತೋಟಕ್ಕೆ ಒಬ್ಬ ನಾಬೋತನಿದ್ದನು. ಆಗುವದಿಲ್ಲವೆನ್ನುವದಕ್ಕೆ ಒಂದು ಬಾಯಿ ಇತ್ತು. ಎಲ್ಲರದಾಗಿರುವ ಭೂಮಿಗೆ ಅಂಥ ಒಬ್ಬನಿಲ್ಲ. ಎಲ್ಲರ ಕೆರೆ, ಎಲ್ಲರ ದಾರಿ, ಎಲ್ಲರ ಹೊಳೆ ಎಂದಮೇಲೆ ಅದನ್ನು ಕಾಯತಕ್ಕವರೂ ಎಲ್ಲರೇ. ಎಲ್ಲರೂ ಎಂಬವನು ಯಾವ ಕಚೇರಿಗೂ ಹೋಗುವದಿಲ್ಲ. ಸಾರ್ವಜನಿಕ ಹಿತವು ಇಷ್ಟು ಸುಲಭವಾಗಿ ಕೈಬಿಟ್ಟುಹೋಗುವದು ಇದರಿಂದಲೇ ಎಂದು ನಮಗೆ ತೋರುತ್ತದೆ.

ಆದರೂ 1986 ಮತ್ತು 1987ರಲ್ಲಿ ಆ ಎಲ್ಲರೂ ಎಂಬವನು ಎದ್ದು ನಿಂತನು. ಜ್ಞಾನಪೀಠದಿಂದ ಮಾನಿತರಾಗಿದ್ದ ಶಿವರಾಮ ಕಾರಂತರೂ ಇತರರೂ ಸಮುದಾಯದವರ ಸಂಗಡ ಸುಪ್ರೀಂ ಕೋರ್ಟಿಗೆ ಮನವಿ ಮಾಡಿಕೊಂಡರು. 1987ರ ಮಾರ್ಚಿಯಲ್ಲಿ ಕೋರ್ಟು ಇನ್ನು ಮುಂದೆ ಭೂಮಿಯನ್ನು ಕಂಪನಿಗೆ ವಹಿಸಕೂಡದೆಂದು ತಡೆಯಾಜ್ಞೆ ಕೊಟ್ಟಿತು. ಅದೇ ವರ್ಷ ನವೆಂಬರ 14ರಲ್ಲಿ, ಕಂಪನಿಯು ಹುಟ್ಟಿ ಮೂರು ವರ್ಷ ತುಂಬಿದಾಗ, ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಮಂದಿ ಕೂಡಿದರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹವೆಂದು ಅದಕ್ಕೆ ಹೆಸರು. ಉತ್ತರ ಸೀಮೆಯ ಮಾತಿನಲ್ಲಿ ಹಚ್ಚುವದೆಂದರೆ ಸಸಿ ನೆಡುವದು. ಯಾರ ಮೇಲೂ ಕೈಯೆತ್ತುವದಿಲ್ಲವೆಂದು ಆಣೆಮಾಡಿ, ಮೆರವಣಿಗೆಯಲ್ಲಿ ಹೋಗಿ, ನೂರು ನೀಲಗಿರಿ ಸಸಿಗಳನ್ನು ಕಿತ್ತು, ಅವುಗಳ ಜಾಗದಲ್ಲಿ ಹಣ್ಣಿಗೂ ಮೇವಿಗೂ ಆಗತಕ್ಕ ಮರಗಳನ್ನು ಹಚ್ಚಿದರು. ಮನೆಗೆ ಹೊರಡುವ ಮುಂಚೆ, ಈ ಸಸಿಗಳಿಗೆ ನೀರೆರೆದು ಕಾಪಾಡುತ್ತೇವೆಂದು ಮಾತು ಕೊಟ್ಟರು. ಸಾವಿರಾರು ಸಸಿಗಳಿರುವಲ್ಲಿ ನೂರನ್ನೇ ಕಿತ್ತದ್ದೂ, ಕಿತ್ತಲ್ಲಿ ನೆಟ್ಟದ್ದೂ ನಮಗೆ ಬಹಳ ಮೆಚ್ಚಿಕೆಯಾದ ಸಂಗತಿ. ಸಿಟ್ಟಿನವರು ಇಷ್ಟು ಲೆಕ್ಕವಿಟ್ಟು ನಡೆಯುವದು ಅಪರೂಪ.

ಅವರು ಅಲ್ಲಿಗೆ ನಿಲ್ಲಲಿಲ್ಲ. ಹಳ್ಳಿಯ ಪಂಚಾಯಿತಿಗಳಿಂದ ಠರಾವುಗಳು ಹೋದವು. ಶಾಸನಸಭೆಯ ಹಲವು ಸದಸ್ಯರೂ ಈ ಕಂಪನಿಯನ್ನು ರದ್ದುಮಾಡಬೇಕೆಂದು ಮುಖ್ಯಮಂತ್ರಿಗೆ ಬರೆದರು. ರಾಜಕಾರಣಿಗಳ ಮಾಡಿದ್ದನ್ನು ರಾಜಕಾರಣಿಗಳಿಂದಲೇ ತಿದ್ದಿಸಿದರೆಂಬದನ್ನು ಇಲ್ಲಿ ಮರೆಯಬಾರದು. ಕೊನೆಗೆ 1991ರಲ್ಲಿ ಸರಕಾರವು ಕರ್ನಾಟಕ ಪಲ್ಪ್‌ವುಡ್ಸನ್ನು ಮುಚ್ಚಲು ತೀರ್ಮಾನಿಸಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ಎಸ್. ಬಂಗಾರಪ್ಪನವರು. ಅವರ ಸರಕಾರವು ಹೆಗಡೆಯವರದರಷ್ಟು ಮೌಲ್ಯದ ಮಾತಿಗೆ ಹೆಸರಾದದ್ದಲ್ಲ. ಮೌಲ್ಯದ ಹೆಸರಿದ್ದ ಸರಕಾರವು ಕೊಟ್ಟದ್ದನ್ನು ಆ ಹೆಸರಿಲ್ಲದ ಸರಕಾರವು ಹಿಂದಕ್ಕೆ ತಂದಿತು. ಇದರಿಂದ ಬಂಗಾರಪ್ಪನವರು ಹೆಗಡೆಯವರಿಗಿಂತ ನಂಬತಕ್ಕವರಾಗಿದ್ದರೆಂದು ಹೇಳುವದಕ್ಕೆ ನಾವು ಬಂದಿಲ್ಲ. ನಡುವಣ ಏಳು ವರ್ಷಗಳಲ್ಲಿ ಕೇಳುವವರು ಹೆಚ್ಚಿದರು, ಇಷ್ಟೇ.

ಹರಿಹರದ ದೊಡ್ಡ ಗುಡಿಯನ್ನು 1224ರಲ್ಲಿ ಹೊಯ್ಸಳರ ದಂಡನಾಯಕನಾದ ಪೋಲಾಳ್ವನು ಕಟ್ಟಿಸಿದನು. ನಾವು ಆ ಗುಡಿಯ ಪೂಜೆಗೆ ಹೋಗುವವರಲ್ಲವಾದರೂ ಅಲ್ಲಿಯ ಶಿಲಾಶಾಸನಗಳಿಂದ ಒಂದು ಸಂಗತಿಯನ್ನು ಕಲಿಯಬಹುದು. ಹಿಂದಿನ ಅರಸರೂ ದಂಡನಾಯಕರೂ ಭೂಮಿಯನ್ನು ದಾನಕೊಟ್ಟಾಗ ಯಾರಿಗೆ, ಎಷ್ಟು, ಎಲ್ಲಿಂದ ಎಲ್ಲಿಗೆಂದು ಕಲ್ಲಿನಲ್ಲಿ ಕೆತ್ತಿಸಿ, ಜನರು ಓಡಾಡುವ ಸ್ಥಳದಲ್ಲಿ ನಿಲ್ಲಿಸುತ್ತಿದ್ದರು. ಪ್ರಜೆಗಳಿಗೆ ಅದನ್ನು ಬೇಡವೆನ್ನುವ ಹಕ್ಕು ಇರಲಿಲ್ಲ; ನೋಡುವ ಅವಕಾಶವಾದರೂ ಇತ್ತು. ಬಹು ಕಾಲ ಕಳೆದು, 1881ರಲ್ಲಿ, ದಿವಾನ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ, ದಸರೆಯಲ್ಲಿ ಬಂದ 144 ಮಂದಿ ಪ್ರತಿನಿಧಿಗಳಿಗೆ ಕುಂದುಕೊರತೆಗಳನ್ನು ಹೇಳಿಕೊಳ್ಳುವ ಅವಕಾಶ ಸಿಕ್ಕಿತು, ತೀರ್ಮಾನಿಸುವ ಅಧಿಕಾರವಿರಲಿಲ್ಲ. ಈಗಲಾದರೋ ನೋಡುವದೂ ಕೇಳುವದೂ ತೀರ್ಮಾನಿಸುವವರನ್ನು ಇಳಿಸುವದೂ ಮೂರೂ ನಮ್ಮ ಕೈಯಲ್ಲಿವೆ. 2005ರ ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಯಾವ ಪ್ರಜೆಯಾದರೂ ಹತ್ತು ರೂಪಾಯಿ ಕೊಟ್ಟು ಕಚೇರಿಯ ಕಾಗದವನ್ನು ಕೇಳಬಹುದು. ಚುನಾವಣೆಗೆ ನಿಲ್ಲುವವನು ತನ್ನ ಆಸ್ತಿಯನ್ನೂ ತನ್ನ ಮೇಲಿರುವ ಮೊಕದ್ದಮೆಗಳನ್ನೂ ಪ್ರಮಾಣಪತ್ರದಲ್ಲಿ ತಿಳಿಸಬೇಕೆಂದು ಸುಪ್ರೀಂ ಕೋರ್ಟು 2002 ಮತ್ತು 2003ರ ತೀರ್ಪುಗಳಲ್ಲಿ ವಿಧಿಸಿದೆ.

ಇಂಥಾ ಕಟ್ಟಳೆಗಳು ತಾವಾಗಿಯೇ ಕಾಯುತ್ತವೆಂದು ಎಣಿಸಬಾರದು. ಮೇಲೆ ಹೇಳಿದ ಲೋಕಾಯುಕ್ತವನ್ನೇ ನೋಡಿರಿ. ಅಕ್ರಮ ಗಣಿಗಾರಿಕೆಯ ವಿಷಯವಾದ ಅದರ 2011ರ ವರದಿಯಿಂದ ಒಬ್ಬ ಮುಖ್ಯಮಂತ್ರಿಯು ಸ್ಥಾನ ಬಿಡಬೇಕಾಯಿತು. ಐದು ವರ್ಷಗಳ ತರುವಾಯ, 2016ರಲ್ಲಿ, ಬೇರೆ ಪಕ್ಷದ ಸರಕಾರವು ಭ್ರಷ್ಟಾಚಾರ ನಿಗ್ರಹ ದಳವೆಂಬದನ್ನು ಬೇರೆಯಾಗಿ ಸ್ಥಾಪಿಸಿ, ಲೋಕಾಯುಕ್ತದ ಪೊಲೀಸರ ಅಧಿಕಾರವನ್ನು ಅದಕ್ಕೆ ಒಪ್ಪಿಸಿತು. 2022ರಲ್ಲಿ ಹೈಕೋರ್ಟು ಆ ದಳವನ್ನು ರದ್ದುಮಾಡಿ ಅಧಿಕಾರವನ್ನು ತಿರಿಗಿ ಲೋಕಾಯುಕ್ತಕ್ಕೆ ಕೊಡಿಸಿತು. ಬೇಲಿಗೂ ಆಗಾಗ್ಗೆ ಮುಳ್ಳು ಹಾಕಬೇಕಾಗುತ್ತದೆ.

ಇಷ್ಟರ ವರೆಗೆ ಆಳುವವರ ಮಾತಾಯಿತು. ಇನ್ನು ನಮ್ಮ ಮಾತು. ಸಾರ್ವಜನಿಕ ಹಿತವನ್ನು ನೋಡುವವನು ಬೇಕೆಂದು ಹೇಳುವ ನಾವು ನಿಜವಾಗಿ ಅವನನ್ನು ಬಯಸುತ್ತೇವೋ? ಭದ್ರಾ ಕಾಲುವೆಯ ಕೊನೆಭಾಗದಲ್ಲಿರುವ ದಾವಣಗೆರೆ, ಹರಿಹರ ತಾಲೂಕುಗಳ ರೈತರಿಗೆ ಈ ಪ್ರಶ್ನೆಯು ಹೊಸದಲ್ಲ. ನೀರು ಕಡಿಮೆಯಾದ ವರ್ಷ, ಮೇಲ್ಭಾಗದವರು ಪಂಪು ಇಟ್ಟು ನೀರೆತ್ತಿದರೆ ಕೊನೆಯ ಹೊಲದ ಭತ್ತ ಒಣಗುತ್ತದೆ. ಆ ಪಂಪುಗಳನ್ನು ಕಿತ್ತಿಸುವ ಶಾಸಕನಿಗೆ ಮೇಲ್ಭಾಗದಲ್ಲಿ ಓಟು ಹೋಗುತ್ತದೆ. ಕಿತ್ತಿಸದವನು ಅಲ್ಲಿ ಜನಾನುರಾಗಿಯೆನಿಸಿಕೊಳ್ಳುತ್ತಾನೆ. ನ್ಯಾಯವಾಗಿ ನಡೆಯುವ ರಾಜಕಾರಣಿಯು ಸಿಕ್ಕುವದಿಲ್ಲವೆಂದು ದುಃಖಪಡುವವರು, ಅವನು ತಮ್ಮ ಪಂಪಿಗೆ ಕೈಹಚ್ಚಿದ ದಿವಸ ಏನನ್ನುವರೆಂದು ಯೋಚಿಸಲಿ. ನಮ್ಮ ಸಭೆಗಳೂ ಈ ವಿಷಯದಲ್ಲಿ ನಿರ್ದೋಷಿಗಳಲ್ಲ. ದೇವಾಲಯಕ್ಕೆ ಒಂದು ಕಾಂಪೌಂಡು ಗೋಡೆ, ಒಂದು ಸಮುದಾಯ ಭವನ, ಸಮಾಧಿಯ ಭೂಮಿಗೆ ಒಂದು ಬೇಲಿ ಇವುಗಳನ್ನು ಮಾಡಿಸಿಕೊಟ್ಟವನೇ ಒಳ್ಳೆಯವನೆಂದು ನಾವು ತೀರ್ಮಾನಿಸಿಬಿಡುತ್ತೇವೆ. ಆ ಮನುಷ್ಯನು ಪಕ್ಕದ ಕೇರಿಗೆ ಏನು ಮಾಡಿದನು, ಆ ಹಣವು ಎಲ್ಲಿಂದ ಬಂತು ಎಂದು ಕೇಳುವದಿಲ್ಲ. ಸಣ್ಣ ಮಂದೆಯವರಾದ ನಮಗೆ ಸಮಾಧಿಯ ಭೂಮಿಯು ಅವಶ್ಯವೇ. ಅದನ್ನು ಕೇಳಬಾರದೆಂದು ಹೇಳುವದಿಲ್ಲ. ಅದನ್ನು ಹಕ್ಕಾಗಿ ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಕೇಳುವದು ಒಂದು ರೀತಿ. ರಾತ್ರಿ ಹೋಗಿ, ನಮ್ಮ ಸಭೆಯ ಓಟುಗಳೆಲ್ಲಾ ನಿಮಗೇ ಎಂದು ಹೇಳಿ ಪಡಕೊಳ್ಳುವದು ಬೇರೊಂದು ರೀತಿ. ಎರಡನೆಯದರಲ್ಲಿ ಕೊಂಡವನೂ ಮಾರಿದವನೂ ಇದ್ದಾರೆ.

ಮಾರುವ ಮಾತು ಬಂದದ್ದರಿಂದ, ಸಭಾಪಾಲಕರ ಮುಂದೆ ಆಗಾಗ್ಗೆ ಬರುವ ಒಂದು ಸಂಶಯವನ್ನೂ ಇಲ್ಲಿ ವಿಚಾರಿಸಬಹುದು. ಓಟಿನ ಹಣವನ್ನು ತೆಗೆದುಕೊಂಡ ಒಬ್ಬನು, ಆಣೆಮಾಡಿ ಮಾತು ಕೊಟ್ಟಿದ್ದೇನೆ, ತಪ್ಪಿದರೆ ಪಾಪವಲ್ಲವೋ ಎಂದು ಕೇಳುತ್ತಾನೆ. ಅವನ ಮನಸ್ಸಾಕ್ಷಿಯು ಎಚ್ಚರವಾಗಿರುವದು ಸಂತೋಷವೇ. ಆದರೆ ಅದು ತಡವಾಗಿ ಎಚ್ಚತ್ತಿದೆ. ಹೆರೋದನು ಹಬ್ಬದಲ್ಲಿ ಕುಣಿದ ಹುಡುಗಿಗೆ ಆಣೆಯಿಟ್ಟು ಮಾತು ಕೊಟ್ಟನು. ಆ ಮಾತನ್ನು ಉಳಿಸಿಕೊಳ್ಳುವದಕ್ಕಾಗಿ ಸ್ನಾನಿಕನಾದ ಯೋಹಾನನ ತಲೆಯನ್ನು ಹೊಯ್ಸಿದನು. ಮಾತು ಉಳಿಸಿದನೆಂದು ಅವನನ್ನು ಹೊಗಳಿದವರು ಯಾರೂ ಇಲ್ಲ. ತನ್ನದಲ್ಲದ್ದನ್ನು ಕೊಡುತ್ತೇನೆಂದು ಆಣೆಯಿಡುವದೇ ತಪ್ಪು. ಅಂಥಾ ಆಣೆಯನ್ನು ನಡಿಸುವದು ಎರಡನೆಯ ತಪ್ಪು. ಓಟು ನಮ್ಮ ಕೈಯಲ್ಲಿದ್ದರೂ ನಮ್ಮೊಬ್ಬರದಲ್ಲ, ಅದರಲ್ಲಿ ನೆರೆಯವನ ಪಾಲೂ ಉಂಟು. ಹಣವನ್ನು ಹಿಂದಕ್ಕೆ ಕೊಡಲಿ; ಕೊಟ್ಟವನು ತೆಗೆದುಕೊಳ್ಳದಿದ್ದರೆ, ತೆಗೆದುಕೊಂಡದ್ದಕ್ಕಾಗಿ ದೇವರ ಮುಂದೆ ಪಶ್ಚಾತ್ತಾಪಪಟ್ಟು, ಓಟನ್ನು ಮನಸ್ಸಾಕ್ಷಿಯಂತೆ ಹಾಕಲಿ. ದೇಶದ ಕಾನೂನಿನಲ್ಲಿಯೂ ಕೊಟ್ಟವನಂತೆಯೇ ತೆಗೆದುಕೊಂಡವನೂ ಅಪರಾಧಿಯೆಂದು 1920ರಿಂದಲೇ ಇದೆ. 2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಉಳಿದಿದೆ. ದಂಡನೆಯು ಹಾಗಿರಲಿ, ನಷ್ಟವನ್ನು ನೋಡಿರಿ. ಐನೂರು ರೂಪಾಯಿಗೆ ಓಟು ಕೊಂಡವನು ಐದು ವರ್ಷ ನಿಮಗೆ ಏನೂ ಸಲ್ಲಿಸಬೇಕಾದದ್ದಿಲ್ಲ, ಬೆಲೆ ಸಂದುಹೋಗಿದೆ. ಮರುದಿನ ಅವನಿಂದ ಲೆಕ್ಕ ಕೇಳುವದಕ್ಕೆ ಯಾವ ಬಾಯಿಂದ ಹೋಗುವಿರಿ?

ಶೆಕೆಮಿನವರಿಗೆ ಯೋತಾಮನು ಹೇಳಿದ ಮರಗಳ ಸಾಮತಿಯು ನೆನಪಿಗೆ ಬರುತ್ತದೆ. ಮರಗಳು ಅರಸನನ್ನು ಹುಡುಕುತ್ತಾ ಹೋದಾಗ ಎಣ್ಣೇಮರವೂ ಅಂಜೂರವೂ ದ್ರಾಕ್ಷೇಬಳ್ಳಿಯೂ ತಮ್ಮ ತಮ್ಮ ಕೆಲಸವಿದೆಯೆಂದು ಒಲ್ಲೆವೆಂದವು. ಕಡೆಗೆ ಮುಳ್ಳುಗಿಡವು ಒಪ್ಪಿತು. ಈ ಸಾಮತಿಯನ್ನು ಪ್ರಸಂಗಿಸುವವರು ಮುಳ್ಳುಗಿಡವನ್ನು ಬೈಯುವದುಂಟು. ನಮಗಾದರೋ ಎಣ್ಣೇಮರದ ಉತ್ತರವೇ ಹೆಚ್ಚು ಚುಚ್ಚುತ್ತದೆ. ಲೆಕ್ಕ ಬಲ್ಲವರೂ ಮಾತು ಬಲ್ಲವರೂ ಆದ ನಮ್ಮ ಶಾಲೆಯ ಉಪಾಧ್ಯಾಯರೂ ಸಭೆಯ ಹಿರಿಯರೂ, ಪಂಚಾಯಿತಿಯು ಕೊಳೆಯೆಂದು ದೂರದಲ್ಲಿ ನಿಲ್ಲುತ್ತಾರೆ.

ಇದಕ್ಕೆ ಬಡವನ ಉತ್ತರವೂ ಒಂದುಂಟು, ಅದನ್ನು ತಳ್ಳಿಹಾಕಲಾಗದು. ಅವನು ಹೇಳುವದೇನಂದರೆ: “ಅಯ್ಯನವರೇ, ಕೇಳಬೇಕೆಂದು ಬರೆಯುವದು ನಿಮಗೆ ಸುಲಭ. ನನಗೆ ಮನೆ ಮಂಜೂರಾಗಬೇಕು, ಮಗಳ ವಿದ್ಯಾರ್ಥಿವೇತನದ ಕಾಗದಕ್ಕೆ ರುಜು ಬೇಕು, ಗೌಡರ ಹೊಲದಲ್ಲಿಯೇ ಕೂಲಿ. ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿದರೆ ನಾಳೆ ನನ್ನ ಹೆಸರು ಪಟ್ಟಿಯಿಂದ ಹೋಗುತ್ತದೆ. ನಾವು ಕ್ರೈಸ್ತರೆಂಬದೂ ಅದಕ್ಕೆ ಕೂಡುತ್ತದೆ.” ಈ ಭಯವು ಸುಳ್ಳಲ್ಲ. ಒಬ್ಬಂಟಿಗನಾಗಿ ಎದ್ದು ನಿಲ್ಲೆಂದು ಅವನಿಗೆ ಬುದ್ಧಿಹೇಳುವದು, ನಾವು ಅಂಗಳದಲ್ಲಿ ನಿಂತು ಅವನನ್ನು ಹೊಳೆಗೆ ದಬ್ಬಿದಂತೆ. ಕರ್ತನು ಹೇಳಿದ ಸಾಮ್ಯದ ವಿಧವೆಯು ಅನ್ಯಾಯಗಾರನಾದ ನ್ಯಾಯಾಧಿಪತಿಯ ಬಾಗಿಲಿಗೆ ಒಬ್ಬಳೇ ಹೋದಳು ನಿಜ. ಆಕೆಗೆ ಕಳಕೊಳ್ಳುವದಕ್ಕೆ ಇನ್ನೇನೂ ಉಳಿದಿದ್ದಿಲ್ಲವೆಂದು ತೋರುತ್ತದೆ. ಉಳಿದಿರುವವನು ಹೇಗೆ ಹೋಗಬೇಕು? ಪೌಲನು ಹೋದ ಹಾಗೆ, ಜೊತೆಗಾರರನ್ನು ಕರಕೊಂಡು. ಕುಸನೂರಿಗೆ ಒಬ್ಬನೇ ಹೋಗಿ ನೂರು ಸಸಿಗಳನ್ನು ಕಿತ್ತಿದ್ದರೆ ಅವನನ್ನು ಠಾಣೆಗೆ ಒಯ್ಯುತ್ತಿದ್ದರು. ಎರಡು ಸಾವಿರ ಮಂದಿಯ ಹೆಸರನ್ನು ಯಾವ ಪಟ್ಟಿಯಿಂದಲೂ ಹೊಡೆಯುವದಕ್ಕಾಗುವದಿಲ್ಲ. ಆ ಎರಡು ಸಾವಿರದಲ್ಲಿ ಯಾರ ಕೇರಿಯವರು ಎಷ್ಟೆಂದು ಯಾರೂ ಎಣಿಸಲಿಲ್ಲ. ನಮ್ಮ ಸಭೆಯವರು ಪಕ್ಕದ ಕೇರಿಯ ಲಿಂಗಾಯತರೊಂದಿಗೂ ಕುರುಬರೊಂದಿಗೂ ಮುಸಲ್ಮಾನರೊಂದಿಗೂ ಕೂಡಿ, ಊರಿನ ನೀರಿನ ಲೆಕ್ಕವನ್ನೋ ರಸ್ತೆಯ ಲೆಕ್ಕವನ್ನೋ ಕೇಳಿದರೆ, ಅದು ಕ್ರೈಸ್ತರ ಗಲಾಟೆಯೆನಿಸಿಕೊಳ್ಳುವದಿಲ್ಲ, ಊರಿನ ಮಾತಾಗುತ್ತದೆ.

ಇದಕ್ಕೆ ದೊಡ್ಡ ಏರ್ಪಾಡೇನೂ ಬೇಕಾಗಿಲ್ಲ. ನಮ್ಮ ರಾಜ್ಯದ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ವರ್ಷಕ್ಕೊಮ್ಮೆ ಜಮಾಬಂದಿಯೆಂಬದು ನಡೆಯಬೇಕೆಂಬ ನಿಯಮವಿದೆ. ಹಿಂದಿನ ವರ್ಷ ಬಂದ ಹಣವೆಷ್ಟು, ಖರ್ಚಾದದ್ದೆಷ್ಟು, ಯಾವ ಚರಂಡಿಗೆ ಎಷ್ಟು, ಯಾವ ದೀಪಕ್ಕೆ ಎಷ್ಟು ಎಂಬ ಪುಸ್ತಕಗಳನ್ನು ಆ ದಿವಸ ಊರವರ ಮುಂದೆ ತೆರೆದಿಡತಕ್ಕದ್ದು. ಆದ ಕೆಲಸಗಳನ್ನು ಹೋಗಿ ನೋಡತಕ್ಕದ್ದು. ಬಹಳ ಊರುಗಳಲ್ಲಿ ಆ ದಿವಸ ಬರುವವರು ಕಾರ್ಯದರ್ಶಿಯೂ ನಾಲ್ಕು ಮಂದಿ ಸದಸ್ಯರೂ ಮಾತ್ರ. ನಮ್ಮ ಸ್ತ್ರೀಸಭೆಗಳಲ್ಲಿ ಪ್ರತಿ ತಿಂಗಳೂ ಜಮಾಖರ್ಚು ಬರೆದು ಓದುವ ಸಹೋದರಿಯರಿದ್ದಾರೆ. ಒಂದು ರೂಪಾಯಿ ಹೆಚ್ಚುಕಡಿಮೆಯಾದರೆ ರಾತ್ರಿಯೆಲ್ಲಾ ನಿದ್ದೆಮಾಡದವರನ್ನು ನಾವು ಬಲ್ಲೆವು. ಅಂಥವರು ಇಬ್ಬರು, ಪಕ್ಕದ ಕೇರಿಯ ಸ್ವಸಹಾಯ ಸಂಘದವರಿಬ್ಬರು, ಹೀಗೆ ನಾಲ್ವರು ಈ ವರ್ಷದ ಜಮಾಬಂದಿಗೆ ಹೋಗಿ ಪುಸ್ತಕವನ್ನು ನೋಡಬಹುದು. ತಾರೀಖನ್ನು ಪಂಚಾಯಿತಿಯ ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು. ಸಮಾಧಿಯ ಭೂಮಿಯ ಅರ್ಜಿಯನ್ನು ಬರೆಯುವದಿದ್ದರೆ ಅದನ್ನೂ, ಊರಿನ ಉಳಿದ ಜನರ ಸ್ಮಶಾನಗಳ ಕೊರತೆಯನ್ನು ಅದರಲ್ಲಿಯೇ ಸೇರಿಸಿ, ಗ್ರಾಮಸಭೆಯ ದಿವಸ ಎಲ್ಲರ ಎದುರಿಗೆ ಕೊಟ್ಟು, ತಲಪಿದ್ದಕ್ಕೆ ರಸೀತಿ ತೆಗೆದುಕೊಳ್ಳತಕ್ಕದ್ದು.